ಮುಂದಿನ ಬೈಕಿನ ವೇಗ

2013ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕಿನಲ್ಲಿ ಮೋಟೋಜಿಪಿ ರೇಸಿನ ಅಭ್ಯಾಸ ನಡೆದಿತ್ತು. ಸ್ಪೇನಿನ ಮಾರ್ಕ್ ಮಾರ್ಕೆಸ್‌ಗೆ ಆಗ ಇಪ್ಪತ್ತು ವರ್ಷ. ಉದ್ದನೆಯ ನೇರ ದಾರಿಯ ಕೊನೆಯಲ್ಲಿ, ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ, ಬೈಕು ಅವನ ಮಾತು ಕೇಳಲಿಲ್ಲ. ಗೋಡೆ ಹತ್ತಿರವಾಗುತ್ತಿದ್ದುದನ್ನು ಕಂಡು ಬೈಕನ್ನು ಬಿಟ್ಟು ಉರುಳಿಕೊಂಡ. ಗದ್ದ ಊದಿತು, ಭುಜಕ್ಕೆ ಪೆಟ್ಟು ಬಿತ್ತು. ಎರಡು ದಿನ ಕಳೆದು ಅದೇ ಟ್ರ್ಯಾಕಿನಲ್ಲಿ ರೇಸಿಗೆ ಇಳಿದ. ಇತ್ತ ನಮ್ಮ ಊರುಗಳಲ್ಲಿ, ಹಾಲು ತರಲೆಂದು ಹೊರಟವರು ಬಡಾವಣೆಯ ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದು ಮತ್ತೆ ಏಳದೆ ಹೋದ ಸುದ್ದಿಗಳನ್ನು ಕೇಳುತ್ತಲೇ ಇರುತ್ತೇವೆ. ಎರಡನ್ನೂ ಹಣೆಬರಹವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಬರಹದ ಬಹುಪಾಲನ್ನು ಹೈಸ್ಕೂಲಿನ ಭೌತಶಾಸ್ತ್ರ ಬಲ್ಲವರು ಓದಬಹುದು.

ಬೈಕಿನಿಂದ ಬೀಳುವ ದೇಹಕ್ಕೆ ಎರಡು ವೇಗಗಳಿರುತ್ತವೆ. ರಸ್ತೆಯುದ್ದಕ್ಕೂ ಸಾಗುವ ವೇಗ ಒಂದು, ನೆಲದತ್ತ ಬೀಳುವ ವೇಗ ಇನ್ನೊಂದು. ಎರಡನೆಯದಕ್ಕೂ ಸ್ಪೀಡೋಮೀಟರಿನ ಮುಳ್ಳಿಗೂ ಸಂಬಂಧವಿಲ್ಲ. ಸೀಟಿನಲ್ಲಿ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿ.ಮೀ. ವೇಗ ಪಡೆದಿರುತ್ತದೆ. ಬೈಕು 100ರಲ್ಲಿ ಓಡುತ್ತಿದ್ದರೂ ಅಷ್ಟೇ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಾಲು ಜಾರಿದರೂ ಅಷ್ಟೇ. ಇಪ್ಪತ್ತು ಎಂದರೆ ಏನು ಮಹಾ ಎನಿಸಬಹುದು. ಆದರೆ ಆ ವೇಗವೆಲ್ಲ ಎಷ್ಟು ಅಂತರದಲ್ಲಿ ಸೊನ್ನೆಯಾಗಬೇಕು ಎಂಬುದೇ ಇಲ್ಲಿ ಮುಖ್ಯ. ಬರಿಯ ತಲೆ ಡಾಂಬರಿಗೆ ಬಡಿದಾಗ ಬಗ್ಗಲು ಇರುವುದು ನೆತ್ತಿಯ ಚರ್ಮ ಮಾತ್ರ. ಮೂರು ಮಿಲಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆ ಕ್ಷಣದಲ್ಲಿ ತಲೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು ಐನೂರು ಪಟ್ಟು. ಅದೇ ನಿಲುಗಡೆ ಎರಡೂವರೆ ಸೆಂಟಿಮೀಟರಿಗೆ ಹಿಗ್ಗಿದರೆ ಅರವತ್ತು ಪಟ್ಟು. ಒಂದು ಪ್ರಾಣಾಂತಿಕ, ಇನ್ನೊಂದು ತಲೆನೋವು ತರಬಹುದಾದ ಪೆಟ್ಟು.

ಆ ಎರಡೂವರೆ ಸೆಂಟಿಮೀಟರನ್ನು ಕೊಡುವುದೇ ಹೆಲ್ಮೆಟ್ಟಿನ ಕೆಲಸ. ಕೊಡುವುದು ಹೊರಗಿನ ಗಟ್ಟಿ ಚಿಪ್ಪಲ್ಲ, ಒಳಗಿನ ತರ್ಮೋಕೋಲು. ಟಿವಿ ಪೆಟ್ಟಿಗೆಯೊಳಗೆ ಬರುವ ಜಾತಿಯದೇ, ಇನ್ನಷ್ಟು ಒತ್ತಾಗಿ ಮಾಡಿದ್ದು. ಪೆಟ್ಟು ಬಿದ್ದಾಗ ಅದರ ಗುಳ್ಳೆಗಳು ನಜ್ಜುಗುಜ್ಜಾಗಿ ಶಕ್ತಿಯನ್ನು ಹೀರಿಕೊಳ್ಳುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಅದಕ್ಕೇ ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟು, ಹೊರಗೆ ಗೀರಿಲ್ಲದಿದ್ದರೂ, ಅಲ್ಲಿಗೆ ಮುಗಿಯಿತು. ಪೊಲೀಸರ ಕಣ್ಣಿಗೆಂದು ತಲೆಯ ಮೇಲಿಟ್ಟುಕೊಳ್ಳುವ ಹಾಫ್ ಹೆಲ್ಮೆಟ್ಟಿನೊಳಗೆ ಈ ಪದರ ಇರುವುದೇ ಅಪರೂಪ, ಇದ್ದರೂ ಹೆಸರಿಗೆ. ಇನ್ನು ಪಟ್ಟಿ ಕಟ್ಟದ ಹೆಲ್ಮೆಟ್ಟು ಎಷ್ಟೇ ದುಬಾರಿಯದಾದರೂ ತಲೆಗಿಂತ ಮೊದಲೇ ರಸ್ತೆ ಸೇರುತ್ತದೆ.

ಈ ತಿಳಿವಳಿಕೆಯ ಹಿಂದೆ ಒಂದು ಪ್ರಸಿದ್ಧ ಸಾವಿದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಜಗತ್ತು ಬಲ್ಲ ಟಿ. ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ದಾರಿಯಲ್ಲಿ ಸಿಕ್ಕ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಬ್ರಫ್ ಸುಪೀರಿಯರ್ ಬೈಕಿನಿಂದ ಎಸೆಯಲ್ಪಟ್ಟ. ತಲೆಗೆ ಪೆಟ್ಟಾಗಿ ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡ. ನೋಡಲು ಕರೆಸಿದ್ದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ನರಶಸ್ತ್ರಜ್ಞ ಹ್ಯೂ ಕೇರ್ನ್ಸ್ ಒಬ್ಬರು. ಆಮೇಲೆ ಅವರು ಬೈಕ್ ಸವಾರರ ತಲೆಪೆಟ್ಟುಗಳ ಬೆನ್ನು ಹತ್ತಿದರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಹೆಲ್ಮೆಟ್ ಹಾಕಿಯೂ ತಲೆಗೆ ಪೆಟ್ಟಾಗಿ ತಮ್ಮ ಬಳಿ ಬಂದವರು ಏಳೇ ಮಂದಿ, ಏಳೂ ಜನ ಬದುಕಿದ್ದಾರೆ ಎಂದು ಅದರಲ್ಲಿ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಜನರಿಗೆ ಅದೇ ನಿಯಮ ಬರಲು 1973ರವರೆಗೆ ಕಾಯಬೇಕಾಯಿತು. ಇಂದು, ಹತ್ತಾರು ಅಧ್ಯಯನಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಹೆಲ್ಮೆಟ್ಟು ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಹೆಲ್ಮೆಟ್ ಧರಿಸದೆ ಸತ್ತವರೇ 50,029.

ಶೇ. 42 ದೊಡ್ಡದು, ಆದರೆ ನೂರಲ್ಲ. ಉಳಿದದ್ದು ಮೊದಲನೆಯ ವೇಗದ, ಅಂದರೆ ರಸ್ತೆಯುದ್ದಕ್ಕೂ ಸಾಗುವ ವೇಗದ ಕೈಯಲ್ಲಿದೆ. ಗಂಟೆಗೆ 60 ಕಿ.ಮೀ.ನಲ್ಲಿ ಬಿದ್ದ ದೇಹ ಒಣ ಡಾಂಬರಿನ ಮೇಲೆ ಸುಮಾರು 20 ಮೀಟರ್ ಜಾರಿ ನಿಲ್ಲುತ್ತದೆ. ಜಾರುವುದು ಸ್ವತಃ ಅಷ್ಟು ಕ್ರೂರವಲ್ಲ. ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಹಂಚಿಹೋದ ನಿಲುಗಡೆ ಅದು, ಒಳಗಿನ ಅಂಗಗಳು ತಡೆದುಕೊಳ್ಳುತ್ತವೆ. ಚರ್ಮ ತಡೆಯುವುದಿಲ್ಲ. ಮಾಮೂಲಿ ಜೀನ್ಸ್ ಪ್ಯಾಂಟು ಕ್ಷಣಾರ್ಧದಲ್ಲಿ ಸವೆದು ಹರಿಯುತ್ತದೆ. ರೇಸಿನವರು ದಪ್ಪ ಚರ್ಮದ ಉಡುಪು ಹಾಕುವುದು ಅದಕ್ಕೇ. 2018ರಿಂದ ಮೋಟೋಜಿಪಿಯಲ್ಲಿ ಉಡುಪಿನೊಳಗೆ ಗಾಳಿಚೀಲವೂ ಕಡ್ಡಾಯ. ಆದರೂ ಮಾರ್ಕೆಸ್‌ನನ್ನು ಉಳಿಸಿದ್ದರಲ್ಲಿ ಅವನ ಉಡುಪಿನಷ್ಟೇ ಪಾಲು ಖಾಲಿ ಜಾಗದ್ದು. ಟ್ರ್ಯಾಕಿನ ಅಂಚಿನಲ್ಲಿ ಹುಲ್ಲೂ ಜಲ್ಲಿಹಾಸೂ ಬಿಟ್ಟಿರುತ್ತಾರೆ, ಜಾರುವವನು ಜಾರಿಕೊಂಡೇ ನಿಲ್ಲಲಿ ಎಂದು. ನಮ್ಮ ರಸ್ತೆಯಂಚಿನಲ್ಲಿ ಆ 20 ಮೀಟರಿನೊಳಗೆ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿ: ಮೋರಿಯ ಕಟ್ಟೆ, ಕರೆಂಟ್ ಕಂಬ, ಹೊಂಗೆ ಮರ, ನಿಂತ ಟ್ರ್ಯಾಕ್ಟರ್ ಟ್ರೇಲರ್, ಎದುರಿನಿಂದ ಬರುವ ಲಾರಿ. ಇವುಗಳಲ್ಲಿ ಒಂದಕ್ಕೆ ಬಡಿದರೆ, ಎರಡು ಸೆಕೆಂಡಿನ ನಿಲುಗಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ರೇಸಿನವರ ವೇಗವನ್ನು ರಸ್ತೆಗೆ ತರುವವರು ಅವರ ಖಾಲಿ ಜಾಗವನ್ನು ಎಲ್ಲಿಂದ ತರುತ್ತಾರೋ ಗೊತ್ತಿಲ್ಲ.

ಬಿದ್ದ ಮೇಲಿನ ಮಾತು ಇಷ್ಟು. ಬೀಳುವ ಮುಂಚಿನದು ಇನ್ನೂ ಸ್ವಾರಸ್ಯದ್ದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬ ಇಂಜಿನಿಯರ್ 1970ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಬೈಕ್ ಅಪಘಾತವಾದ ಜಾಗಗಳಿಗೆ ತಂಡ ಕಟ್ಟಿಕೊಂಡು ಓಡಿದರು. ಸುಮಾರು 900 ಅಪಘಾತಗಳನ್ನು ಸ್ಥಳದಲ್ಲೇ ಅಳೆದು, ಟೈರಿನ ಗುರುತು, ಮುರಿದ ಲೈಟು, ಹೆಲ್ಮೆಟ್ಟಿನ ಬಿರುಕು ಎಲ್ಲವನ್ನೂ ದಾಖಲಿಸಿ, 1981ರಲ್ಲಿ ವರದಿ ಕೊಟ್ಟರು. ‘ಹರ್ಟ್ ರಿಪೋರ್ಟ್’ ಎಂದೇ ಅದಕ್ಕೆ ಹೆಸರು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರಡು ಸಂಗತಿ. ಅರ್ಧದಷ್ಟು ಪ್ರಕರಣಗಳಲ್ಲಿ ಅಪಾಯ ಎದುರಾದಾಗ ಬೈಕಿನ ವೇಗ ಗಂಟೆಗೆ 48 ಕಿ.ಮೀ.ಗಿಂತ ಕಡಿಮೆಯಿತ್ತು. ಮತ್ತು, ಅಪಾಯ ಕಂಡ ಘಳಿಗೆಯಿಂದ ಡಿಕ್ಕಿಯವರೆಗೆ ಸವಾರನಿಗೆ ಸಾಮಾನ್ಯವಾಗಿ ಸಿಕ್ಕದ್ದು ಎರಡು ಸೆಕೆಂಡಿಗೂ ಕಡಿಮೆ.

ಮುಕ್ಕಾಲು ಪಾಲು ಅಪಘಾತಗಳಲ್ಲಿ ಎದುರಿಗೆ ಇನ್ನೊಂದು ವಾಹನವಿತ್ತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕಿಗೆ ದಾರಿ ಬಿಡಬೇಕಾದ ವಾಹನವೇ ಅಡ್ಡ ಬಂದಿತ್ತು. ‘ನನಗೆ ಕಾಣಲೇ ಇಲ್ಲ ಸಾರ್’ ಎಂದು ಚಾಲಕ ಹೇಳುವುದು ಸುಳ್ಳಾಗಿರಬೇಕಿಲ್ಲ. ಚಿಕ್ಕ ವಸ್ತು ದೂರದಲ್ಲಿದೆ, ತಡವಾಗಿ ಬರುತ್ತದೆ ಎಂದು ನಮ್ಮ ಮಿದುಳು ಅಂದಾಜು ಕಟ್ಟುತ್ತದೆ. ಅದೇ ದೂರದಲ್ಲಿ ಅದೇ ವೇಗದ ಲಾರಿ ಬಂದರೆ ಕಾಯುವ ಕಾರು, ಬೈಕು ಬಂದರೆ ನುಗ್ಗುತ್ತದೆ. ತಪ್ಪು ಅವನದಿರಬಹುದು, ಮೂಳೆ ನಮ್ಮದು. ಹಾಗಾಗಿ ಆ ಎರಡು ಸೆಕೆಂಡುಗಳನ್ನು ಹಿಗ್ಗಿಸುವ ದಾರಿ ಸವಾರನೇ ಹುಡುಕಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಅಪಾಯ ಕಣ್ಣಿಗೆ ಬಿದ್ದು, ಅದು ಅಪಾಯವೆಂದು ಅರಿವಾಗಿ, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ ಎಂದುಕೊಳ್ಳಿ. 40ರಲ್ಲಿ ಓಡುವ ಬೈಕು ಅಷ್ಟರಲ್ಲಿ 17 ಮೀಟರ್ ಸಾಗಿ, ಆಮೇಲೆ ಬ್ರೇಕಿನಿಂದ ಇನ್ನೊಂದು 9 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 26 ಮೀಟರ್. 60ರಲ್ಲಿ ಓಡುವ ಬೈಕು ಯೋಚಿಸುವುದರಲ್ಲೇ 25 ಮೀಟರ್ ಕಳೆದಿರುತ್ತದೆ. ಅಂದರೆ 26 ಮೀಟರ್ ಮುಂದೆ ಎಮ್ಮೆ ಅಡ್ಡ ಬಂದಿದ್ದರೆ, 40ರವನು ಅದರ ಮೂಗಿನ ಮುಂದೆ ನಿಂತು ಬೈಯುತ್ತಾನೆ. 60ರವನು ಇನ್ನೂ 58ರ ವೇಗದಲ್ಲಿ ಅದಕ್ಕೆ ಗುದ್ದುತ್ತಾನೆ. ಇಪ್ಪತ್ತು ಕಿ.ಮೀ. ವ್ಯತ್ಯಾಸ ಎಂದು ನಾವು ಹಗುರವಾಗಿ ಹೇಳುವುದರ ಬೆಲೆ ಇದು.

ಬ್ರೇಕಿನ ವಿಷಯದಲ್ಲಿ ನಮ್ಮ ಹಿರಿಯರ ಒಂದು ಬುದ್ಧಿಮಾತು ಇನ್ನೂ ಚಾಲ್ತಿಯಲ್ಲಿದೆ: ‘ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ.’ ಇದು ಸೈಕಲ್ ಕಾಲದ ಭಯ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತದೆ, ಹಿಂದಿನದು ಹಗುರವಾಗಿ ಬೇಗ ಜಾರುತ್ತದೆ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಹರ್ಟ್ ಕಂಡ ಸವಾರರೂ ಹೆಚ್ಚಾಗಿ ಹಿಂದಿನದನ್ನು ಒದ್ದು, ಸ್ಕಿಡ್ ಆಗಿ, ಮುಂದಿನದನ್ನು ಸಾಕಷ್ಟು ಬಳಸದೆ ಬಿದ್ದಿದ್ದರು. ಅವರಲ್ಲಿ ಶೇ. 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ನಮ್ಮಲ್ಲಿ ಲೆಕ್ಕ ಬೇರೆಯಿದ್ದೀತೆಂದು ನನಗನಿಸುವುದಿಲ್ಲ. ಮುಂದಿನ ಬ್ರೇಕನ್ನು ತಟ್ಟನೆ ಹಿಡಿಯಬಾರದು, ಹಿಂಡಬೇಕು. ಮೊದಲು ಮೆಲ್ಲಗೆ, ಭಾರ ಮುಂದೆ ಕೂತ ಮೇಲೆ ಬಲವಾಗಿ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ರಸ್ತೆಯ ಮೇಲೆ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಆ ಹಿಡಿತದ ಲೆಕ್ಕ ಸ್ಪಷ್ಟವಾಗಿ ಕಾಣಬೇಕಾದರೆ ಘಾಟಿಗೆ ಹೋಗಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ದಾರಿಯಂಥದ್ದು ಎನ್ನಿ: ಮಂಜು, ಜಿನುಗುವ ಬಂಡೆ, ತಿರುವಿನಾಚೆ ಏನಿದೆಯೋ ತಿಳಿಯದ ಸ್ಥಿತಿ. ಟೈರಿನ ಹಿಡಿತ ತಿಂಗಳ ಸಂಬಳವಿದ್ದಂತೆ. ಬ್ರೇಕಿಗೂ ಅದರಿಂದಲೇ ಖರ್ಚು, ತಿರುವಿಗೂ ಅದರಿಂದಲೇ. 25 ಮೀಟರ್ ತ್ರಿಜ್ಯದ ತಿರುವನ್ನು 30ರಲ್ಲಿ ತಿರುಗಿದರೆ ಬೈಕಿನ ತೂಕದ ಶೇ. 28ರಷ್ಟು ಪಕ್ಕದ ಬಲ ಬೇಕು. 40ರಲ್ಲಿ ಶೇ. 50, 50ರಲ್ಲಿ ಶೇ. 79, 60ರಲ್ಲಿ ಶೇ. 113. ವೇಗ ಎರಡರಷ್ಟಾದರೆ ಬೇಕಾದ ಬಲ ನಾಲ್ಕರಷ್ಟು. ಒಣಗಿದ ಒಳ್ಳೆಯ ಡಾಂಬರು ಸುಮಾರು ಶೇ. 80ರವರೆಗೆ ಕೊಟ್ಟೀತು, ನೆಂದದ್ದು ಶೇ. 50. ಅಂದರೆ ಬಿಸಿಲಿನಲ್ಲಿ ಆರಾಮವಾಗಿ 40ರಲ್ಲಿ ತಿರುಗುತ್ತಿದ್ದ ಅದೇ ತಿರುವಿನಲ್ಲಿ, ಮಳೆ ಬಂದ ದಿನ 40ಕ್ಕೇ ಎಲ್ಲ ಖರ್ಚಾಗಿರುತ್ತದೆ. ಆಗ ಎದುರಿಗೆ ಬಸ್ಸು ಬಂದು ಬ್ರೇಕ್ ಒತ್ತಿದರೆ, ಆ ಬ್ರೇಕಿಗೆ ಕೊಡಲು ಟೈರಿನಲ್ಲಿ ಏನೂ ಉಳಿದಿಲ್ಲ. ತಿರುವಿಗೆ ಮೊದಲೇ ನೆಟ್ಟಗಿರುವಾಗ ವೇಗ ಇಳಿಸಿಕೊಳ್ಳಬೇಕೆಂದು ಬಲ್ಲವರು ಹೇಳುವುದು ಇದಕ್ಕೇ.

ತಿರುಗಿಸುವ ಕ್ರಿಯೆಯೂ ನಾವಂದುಕೊಂಡಂತಿಲ್ಲ. ನಡಿಗೆಯ ವೇಗ ದಾಟಿದ ಮೇಲೆ ಬೈಕನ್ನು ಎಡಕ್ಕೆ ವಾಲಿಸಲು ಹ್ಯಾಂಡಲ್ಲಿನ ಎಡಗೈ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಚಕ್ರ ಒಂದು ಕ್ಷಣ ಬಲಕ್ಕೆ ಹೊರಳುತ್ತದೆ, ಬೈಕು ಎಡಕ್ಕೆ ವಾಲುತ್ತದೆ, ಆಮೇಲೆ ಚಕ್ರ ತಾನಾಗಿ ಎಡಕ್ಕೆ ತಿರುಗಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಇಂಜಿನಿಯರ್ ರಾಂಕಿನ್ 1869ರಷ್ಟು ಹಿಂದೆಯೇ, ಬೈಸಿಕಲ್ಲಿನ ಪೂರ್ವಜರ ಕಾಲದಲ್ಲಿ, ಇದನ್ನು ಬರೆದಿದ್ದ. ನಾವೆಲ್ಲರೂ ಇದನ್ನು ಗೊತ್ತಿಲ್ಲದೆಯೇ ಮಾಡುತ್ತೇವೆ. ಗಾಬರಿಯಾದಾಗ ಮಾತ್ರ ತೋಳುಗಳು ಬಿಗಿಯುತ್ತವೆ, ಎರಡೂ ಕೈ ಒಂದಕ್ಕೊಂದು ಎದುರಾಗಿ ತಳ್ಳುತ್ತವೆ, ಬೈಕು ವಾಲುವುದನ್ನೇ ಬಿಟ್ಟು ನೆಟ್ಟಗೆ ಹೊರಟುಬಿಡುತ್ತದೆ. ಎಡ ತಿರುವಾದರೆ ಎದುರಿನ ಪಥಕ್ಕೆ, ಬಲ ತಿರುವಾದರೆ ಕಂದಕದ ಕಡೆಗೆ. ಕಣ್ಣೂ ಆ ಹೊತ್ತಿನಲ್ಲಿ ಮೋಸ ಮಾಡುತ್ತದೆ. ಯಾವುದಕ್ಕೆ ಹೆದರುತ್ತೇವೋ ಅದನ್ನೇ ದಿಟ್ಟಿಸುತ್ತೇವೆ, ದಿಟ್ಟಿಸಿದ ಕಡೆಗೇ ಬೈಕು ಹೋಗುತ್ತದೆ. ಎಷ್ಟೋ ‘ವೇಗ ಜಾಸ್ತಿಯಾಯಿತು’ ಅಪಘಾತಗಳಲ್ಲಿ ಬೈಕಿಗೆ ಇನ್ನೂ ವಾಲುವ ಅವಕಾಶವಿತ್ತು, ಸವಾರನಿಗೆ ಇರಲಿಲ್ಲ.

ಸವಾರನ ಮಿತಿ ಬೈಕಿನ ಮಿತಿಗಿಂತ ಬಹಳ ಮೊದಲೇ ಬರುತ್ತದೆ. ಎಲ್ಲಿ ಬರುತ್ತದೆಂಬುದು ಒಬ್ಬೊಬ್ಬರಿಗೆ ಒಂದೊಂದು, ಅದೇ ವ್ಯಕ್ತಿಗೂ ನಿದ್ದೆ ಕೆಟ್ಟ ದಿನ ಬೇರೆ. ತನ್ನ ವೇಗದಲ್ಲಿ ಹೋಗುವುದೆಂದರೆ ಈ ಮಿತಿಯೊಳಗೆ ಹೋಗುವುದು. ಇದರಲ್ಲಿ ಕಷ್ಟವೇನೂ ಇಲ್ಲ, ಒಬ್ಬನೇ ಹೋಗುವಾಗ. ಮುಂದೆ ಇನ್ನೊಂದು ಬೈಕು ಇದ್ದರೆ ಕತೆ ಬದಲಾಗುತ್ತದೆ.

ಅಮೆರಿಕದ ಇಂಡಿಯಾನಾದಲ್ಲಿದ್ದ ನಾರ್ಮನ್ ಟ್ರಿಪ್ಲೆಟ್ ಸೈಕಲ್ ರೇಸಿನ ಹುಚ್ಚಿದ್ದ ಮನಶ್ಶಾಸ್ತ್ರಜ್ಞ. ಒಂಟಿಯಾಗಿ ಗಡಿಯಾರದ ವಿರುದ್ಧ ಓಡುವವರಿಗಿಂತ ಜೊತೆಗಾರರಿರುವವರ ವೇಗ ಹೆಚ್ಚು ಎಂದು ರೇಸಿನ ದಾಖಲೆಗಳಲ್ಲಿ ಗಮನಿಸಿದ. ಮುಂದಿನವನು ಗಾಳಿ ತಡೆಯುವುದೂ ಕಾರಣವಿರಬಹುದಲ್ಲ? ಅದನ್ನು ಕಳೆಯಲು, ಮೀನು ಹಿಡಿಯುವ ಗಾಳದ ರಾಟೆಯನ್ನು ಮಕ್ಕಳ ಕೈಗೆ ಕೊಟ್ಟು, ಒಮ್ಮೆ ಒಂಟಿಯಾಗಿ, ಒಮ್ಮೆ ಜೊತೆಯಲ್ಲಿ ಸುತ್ತಿಸಿದ. ಜೊತೆಯಿದ್ದಾಗ ಅನೇಕರ ಕೈ ಚುರುಕಾಯಿತು, ಕೆಲವರದು ಗಡಿಬಿಡಿಯಲ್ಲಿ ಕೆಟ್ಟಿತು. 1898ರ ಈ ಪ್ರಯೋಗದ ಅಂಕಿಗಳು ಇಂದಿನ ಅಳತೆಗೆ ಅಷ್ಟು ಗಟ್ಟಿಯಲ್ಲ. ಆದರೆ ಅವನು ಎತ್ತಿದ ಪ್ರಶ್ನೆ ಗಟ್ಟಿಯಾಗಿತ್ತು.

ಉತ್ತರ ಬಂದದ್ದು ಜಿರಳೆಗಳಿಂದ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ ಮತ್ತು ಸಂಗಡಿಗರು 1969ರಲ್ಲಿ ಜಿರಳೆಗಳನ್ನು ಪಾರದರ್ಶಕ ನೇರ ಓಣಿಯಲ್ಲಿ ಬೆಳಕಿನಿಂದ ಕತ್ತಲೆಗೆ ಓಡಿಸಿದರು. ಪಕ್ಕದ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳು ‘ಪ್ರೇಕ್ಷಕ’ರಾಗಿದ್ದಾಗ ಓಟ ಚುರುಕಾಯಿತು. ಆಮೇಲೆ ಓಣಿಯಲ್ಲಿ ತಿರುವು ಇಟ್ಟರು. ಈಗ ಪ್ರೇಕ್ಷಕರಿದ್ದಾಗ ಜಿರಳೆಗಳು ಇನ್ನಷ್ಟು ತಡಮಾಡಿದವು. ಸುತ್ತ ಜನರಿದ್ದರೆ ಜೀವಿ ಚುರುಕುಗೊಳ್ಳುತ್ತದೆ. ಆ ಚುರುಕು ರೂಢಿಯಾದ ಸುಲಭ ಕೆಲಸಕ್ಕೆ ನೆರವಾಗುತ್ತದೆ, ಕಷ್ಟದ ಹೊಸ ಕೆಲಸವನ್ನು ಕೆಡಿಸುತ್ತದೆ ಎಂಬುದು ಝಯಾನ್ಸ್ ವಾದ. ಹದಿನೈದು ವರ್ಷ ಘಾಟಿ ಓಡಿಸಿದವನೂ ಮೊನ್ನೆ ಬೈಕು ಕೊಂಡವನೂ ಒಂದೇ ಗುಂಪಿನಲ್ಲಿ ಹೊರಟರೆ, ಅದೇ ಗುಂಪು ಮೊದಲನೆಯವನನ್ನು ಚೆನ್ನಾಗಿ ಓಡಿಸುತ್ತದೆ, ಎರಡನೆಯವನನ್ನು ಹಾಳಾಗಿ ಓಡಿಸುತ್ತದೆ. ಇಬ್ಬರಿಗೂ ಅನಿಸುವುದು ಮಾತ್ರ ಒಂದೇ: ಇವತ್ತು ಸಖತ್ತಾಗಿ ಓಡಿಸ್ತಿದೀನಿ.

ಇದರ ಮೇಲೆ ಗುಂಪಿನ ಗಣಿತ ಬೇರೆ. ಮುಂದಾಳು ತಿರುವಿನಲ್ಲಿ 30ಕ್ಕೆ ಇಳಿದು, ದಾಟಿದ ಕೂಡಲೇ 60ಕ್ಕೆ ಏರುತ್ತಾನೆ. ಅವನು ಏರುವಾಗ ಹಿಂದಿನವರು ಇನ್ನೂ ತಿರುವಿನಲ್ಲಿದ್ದಾರೆ, ಅಂತರ ಬೆಳೆಯುತ್ತದೆ. ಅದನ್ನು ಮುಚ್ಚಲು ಎರಡನೆಯವನು 65 ಹೋಗುತ್ತಾನೆ, ಮೂರನೆಯವನು 70. ಸಾಲಿನ ಕೊನೆಯಲ್ಲಿರುವವನು, ಸಾಮಾನ್ಯವಾಗಿ ಎಲ್ಲರಿಗಿಂತ ಹೊಸಬ, ಎಲ್ಲರಿಗಿಂತ ಜೋರಾಗಿ ಓಡಿಸಬೇಕಾಗುತ್ತದೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆ ಹೋಗುವ ಗುಂಪುಗಳ ಹಿಂದೆ ಕಾರಿನಲ್ಲಿ ಹೋದರೆ ಇದು ಕಣ್ಣಿಗೇ ಕಾಣುತ್ತದೆ. 1991ರಲ್ಲಿ ನಿಕ್ ಇಯೆನಾಟ್ಸ್ ಎಂಬ ಅಮೆರಿಕದ ಬೈಕ್ ಪತ್ರಕರ್ತ ಇದರ ವಿರುದ್ಧವೇ ಒಂದು ಲೇಖನ ಬರೆದ. ಸ್ವತಃ ರೇಸುಗಾರನಾದ ಅವನು ಹೇಳಿದ್ದು ಇಷ್ಟೇ: ರಸ್ತೆಯಲ್ಲಿ ನೇರ ದಾರಿಯ ವೇಗ ಮಿತವಾಗಿರಲಿ, ನಿಮ್ಮ ಪಥ ದಾಟಬೇಡಿ, ರೇಸನ್ನು ಟ್ರ್ಯಾಕಿಗೆ ಬಿಡಿ.

ಹಾಗಾದರೆ ನನ್ನ ವೇಗ ಯಾವುದು? ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗ. ಒಂದೇ ವಾಹನ ಹಿಡಿಯುವಷ್ಟು ಕಿರಿದಾದ ದಾರಿಯಾದರೆ ಅದರ ಅರ್ಧದೊಳಗೆ, ಏಕೆಂದರೆ ಎದುರಿನವನಿಗೂ ನಿಲ್ಲಲು ಜಾಗ ಬೇಕು. ಮಂಜಿನಲ್ಲಿ 25 ಮೀಟರ್ ಕಾಣುತ್ತಿದ್ದರೆ ಮೇಲಿನ ಲೆಕ್ಕದಂತೆ 40 ಕೂಡ ಹೆಚ್ಚೇ. ಹೆದ್ದಾರಿಯಲ್ಲಿ ಇದೇ ಸೂತ್ರ 80ಕ್ಕೂ ಒಪ್ಪಿಗೆ ಕೊಟ್ಟೀತು. ಇದು ನಿಧಾನವಾಗಿ ಹೋಗಿ ಎಂಬ ಉಪದೇಶವಲ್ಲ. ಮುಂದಿನ ಬೈಕಿನ ಹಿಂಬದಿ ದೀಪ ನೋಡಿ ವೇಗ ನಿರ್ಧರಿಸಬೇಡಿ ಎಂಬುದಷ್ಟೇ. ಅವನಿಗೆ ಕಂಡ ರಸ್ತೆ ನಿಮಗಿನ್ನೂ ಕಂಡಿಲ್ಲ.

ಬಿದ್ದು ಬದುಕಿದವರಿಗೆ ಎರಡು ಮಾತು. ಬಿದ್ದ ಕೂಡಲೇ ಅಡ್ರಿನಲಿನ್ ನೋವನ್ನು ಮುಚ್ಚಿಡುತ್ತದೆ. ‘ಏನೂ ಆಗಿಲ್ಲ’ ಎಂದು ಬೈಕೆತ್ತಿ ನಿಲ್ಲಿಸಿ, ಚಹಾ ಕುಡಿದು, ಮನೆಗೆ ಹೋಗಿ ಮಲಗಿದವರು ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದುಂಟು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟುವಾಗ ಹೀಗಾಗುತ್ತದೆ. ತಲೆಗೆ ಪೆಟ್ಟಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಬಿದ್ದವನು ಉಸಿರಾಡುತ್ತಿದ್ದರೆ ನೋಡುವವರು ಅವನ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಕತ್ತಿನ ಮೂಳೆ ಮುರಿದಿದ್ದರೆ ಆ ಎಳೆತವೇ ಸಾಕು. ನೀರು ಕುಡಿಸಬಾರದು. 108ಕ್ಕೆ ಫೋನ್ ಮಾಡಬೇಕು. ನೆರವಾದವರನ್ನು ಕೇಸಿಗೆ ಸಿಲುಕಿಸುವಂತಿಲ್ಲ, 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಎರಡನೆಯ ಮಾತು, ಮತ್ತೆ ಬೈಕು ಹತ್ತುವುದರ ಬಗ್ಗೆ. ಮಿದುಳಿಗೆ ಆದ ಸಣ್ಣ ಅಲುಗಾಟವೂ ಪ್ರತಿಕ್ರಿಯೆಯ ವೇಗವನ್ನು ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ, ಕುಗ್ಗಿಸುತ್ತದೆ. ಮೇಲಿನ ಒಂದೂವರೆ ಸೆಕೆಂಡು ಆಗ ಎರಡಾಗಬಹುದು, 60ರಲ್ಲಿ ಅದು ಎಂಟು ಮೀಟರ್ ಹೆಚ್ಚುವರಿ. ವೈದ್ಯರು ಒಪ್ಪುವವರೆಗೆ ಕಾಯಬೇಕು. ಆಮೇಲೂ ಭಯ ತೋಳುಗಳಲ್ಲಿ ಉಳಿದಿರುತ್ತದೆ, ಬಿದ್ದ ತಿರುವಿನಂಥದೇ ತಿರುವು ಬಂದಾಗ ಹಿಡಿತ ಬಿಗಿಯುತ್ತದೆ. ‘ಬೀಳಿಸಿದ ಕುದುರೆಯನ್ನೇ ಮತ್ತೆ ಹತ್ತಬೇಕು’ ಎಂದು ಹುರಿದುಂಬಿಸಿ ಮರುವಾರವೇ ಗುಂಪಿನಲ್ಲಿ ಕರೆದೊಯ್ಯುವ ಗೆಳೆಯರ ಉದ್ದೇಶ ಒಳ್ಳೆಯದು, ಸಲಹೆ ಕೆಟ್ಟದ್ದು. ಗುಂಪು ಹೊಸ ಕೆಲಸವನ್ನು ಕೆಡಿಸುತ್ತದೆಂದು ಜಿರಳೆಗಳೇ ತೋರಿಸಿವೆ, ಬಿದ್ದು ಎದ್ದವನಿಗೆ ಹಳೆಯ ತಿರುವೂ ಹೊಸ ಕೆಲಸವೇ. ಖಾಲಿ ಮೈದಾನದಲ್ಲಿ ಬ್ರೇಕ್ ಅಭ್ಯಾಸ, ಗೊತ್ತಿರುವ ರಸ್ತೆಯಲ್ಲಿ ಒಂಟಿ ಸವಾರಿ, ಆಮೇಲೆ ಘಾಟಿ; ಕ್ರಮ ಹೀಗಿರಲಿ.

ಗುಂಪಿನಲ್ಲಿ ಹೊರಡುವವರು ಹೊರಡುವ ಮೊದಲೇ ಮುಂದೆ ಎಲ್ಲಿ ಸೇರುವುದೆಂದು ಹೋಟೆಲಿನ ಹೆಸರು ಹಿಡಿದು ಹೇಳಿಕೊಳ್ಳಿ. ದಾರಿ ಎಲ್ಲರಿಗೂ ಗೊತ್ತಿದ್ದರೆ ಯಾರೂ ಯಾರ ಬೆನ್ನೂ ಹತ್ತಬೇಕಿಲ್ಲ. ಹೊಸಬರನ್ನು ಕೊನೆಗೆ ತಳ್ಳದೆ ಮುಂದಾಳಿನ ಹಿಂದೆಯೇ ಇಡಿ; ಗುಂಪಿನ ವೇಗವನ್ನು ಮುಂದಾಳು ತನ್ನ ಕನ್ನಡಿಯಲ್ಲಿ ಅವರನ್ನು ನೋಡಿ ನಿರ್ಧರಿಸಲಿ. ಹಿಂದೆ ಬಿದ್ದವನಿಗೆ ಹತ್ತು ನಿಮಿಷ ಕಾಯಿರಿ, ಬಂದ ಮೇಲೆ ಅವನನ್ನು ಗೇಲಿ ಮಾಡಬೇಡಿ.